ಒಡನಾಡಿ ರೋಬೋಟ್ ಮತ್ತು ಮಗುವಿನ ವರ್ತನೆ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಕಲಬುರಗಿ ಜಿಲ್ಲೆಯ ಜೇವರ್ಗಿ ಸುತ್ತಲಿನ ಇಜೇರಿ, ನೆಲೋಗಿ, ಆಂದೋಲಾ, ಯಡ್ರಾಮಿ ಕಡೆಯ ಊರುಗಳಲ್ಲಿ ಕೂತು ಟಿಇಟಿ, ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಟಿಇಟಿಯ ಎರಡೂ ಪತ್ರಿಕೆಗಳಲ್ಲಿ ಶಿಶು ವಿಕಾಸ ಮತ್ತು ಬೋಧನಾ ವಿಧಾನಕ್ಕೆ 30 ಅಂಕಗಳಿವೆ. ಕೆಎಎಸ್‌ನಲ್ಲಿ ಇದೇ ವಿಷಯ ವಿಜ್ಞಾನ-ತಂತ್ರಜ್ಞಾನದ ಬಾಗಿಲಿನಿಂದ ಬರುತ್ತದೆ, ನೀತಿಶಾಸ್ತ್ರದ ಪತ್ರಿಕೆಯಲ್ಲೂ ಬರಬಹುದು.

ಓದುವಾಗ ಒಂದು ಎಳೆ ಕೈಯಲ್ಲಿರಲಿ. ಮಗು ನಕ್ಕರೆ, ಅತ್ತರೆ, ಹೊಡೆದರೆ, ಅಪ್ಪಿಕೊಂಡರೆ ರೋಬೋಟ್ ಏನು ಮಾಡಬೇಕು ಎಂಬುದನ್ನು ಮೊದಲೇ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಯಾರದು, ಯಾವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಎಂದು ಕೇಳುತ್ತ ಹೋದರೆ ಕೆಳಗಿನ ಎಲ್ಲ ಅಂಶಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮೂಲ ಪರಿಚಯ

• ಒಡನಾಡಿ ರೋಬೋಟ್ ಎಂದರೆ ಕೆಲಸ ಮಾಡಿಕೊಡುವುದಕ್ಕಿಂತ ಜೊತೆಗಿರುವುದಕ್ಕಾಗಿ ಕಟ್ಟಿದ ಯಂತ್ರ. ಕಾರ್ಖಾನೆಯ ರೋಬೋಟ್ ವಸ್ತುವಿನೊಡನೆ ವ್ಯವಹರಿಸುತ್ತದೆ, ಇದು ಮನುಷ್ಯನೊಡನೆ ವ್ಯವಹರಿಸುತ್ತದೆ. 'ಸಾಮಾಜಿಕ ರೋಬೋಟ್' ಎಂಬುದು ದೊಡ್ಡ ಗುಂಪು, ಒಡನಾಡಿ ರೋಬೋಟ್ ಅದರೊಳಗಿನ ಒಂದು ಬಗೆ.

• ಪೂರ್ವಜರು: 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ 'ಎಲೈಜಾ' ಮಾತಿನ ಪ್ರೋಗ್ರಾಂ, 1996ರಲ್ಲಿ ಜಪಾನಿನ ಬಂದಾಯ್ ಕಂಪನಿಯ 'ತಮಗೋಚಿ', 1998ರ 'ಫರ್ಬಿ', 1999ರಲ್ಲಿ ಸೋನಿಯ ನಾಯಿ ರೋಬೋಟ್ 'ಐಬೋ'. ತಮಗೋಚಿ ಅಂಗೈಯಲ್ಲಿ ಹಿಡಿಯುವ ಸಣ್ಣ ಪರದೆ ಮಾತ್ರ. ಹೊತ್ತಿಗೆ ಸರಿಯಾಗಿ ತಿನ್ನಿಸದಿದ್ದರೆ ಅದರೊಳಗಿನ ಪ್ರಾಣಿ 'ಸಾಯುತ್ತಿತ್ತು'. ಮಗು ಆರೈಕೆ ಮಾಡಿದ ವಸ್ತುವಿಗೇ ಅಂಟಿಕೊಳ್ಳುತ್ತದೆ ಎಂಬುದನ್ನು ಮಾರುಕಟ್ಟೆ ಅಲ್ಲಿಂದ ಕಲಿಯಿತು.

• ಫರ್ಬಿಯ ವಿಷಯ ಬಹು ಆಯ್ಕೆ ಪ್ರಶ್ನೆಗೆ ಒಳ್ಳೆಯದು. ಮಗುವಿನ ಮಾತು ಕೇಳಿ ಅದು ಇಂಗ್ಲಿಷ್ ಕಲಿಯುತ್ತಿದೆ ಎಂದೇ ಅನೇಕರು ನಂಬಿದ್ದರು. ನಿಜದಲ್ಲಿ ಪದಗಳೆಲ್ಲ ಮೊದಲೇ ತುಂಬಿದ್ದವು, ದಿನ ಕಳೆದಂತೆ ಒಂದೊಂದಾಗಿ ಹೊರಬರುತ್ತಿದ್ದವು ಅಷ್ಟೇ. ಕಲಿತಂತೆ ತೋರುವುದು ಬೇರೆ, ಕಲಿಯುವುದು ಬೇರೆ.

ವರ್ತನೆಯನ್ನು ಗುರುತಿಸುವ ಬಗೆ

ಕ್ಯಾಮೆರಾ ಮುಖ ಮತ್ತು ನೋಟದ ದಿಕ್ಕನ್ನು ಹಿಡಿಯುತ್ತದೆ. ಹಲವು ಮೈಕ್‌ಗಳು ಸೇರಿ ಧ್ವನಿ ಯಾವ ಕಡೆಯಿಂದ ಬಂತು ಎಂದು ಅಳೆಯುತ್ತವೆ. ಸ್ಪರ್ಶ ಸಂವೇದಕ ಸವರಿದ್ದೋ ಹೊಡೆದದ್ದೋ ಎಂದು ಬೇರ್ಪಡಿಸುತ್ತದೆ. ಚಲನೆ ಅಳೆಯುವ ಚಿಪ್ ಎತ್ತಿದ್ದು, ಅಲುಗಾಡಿಸಿದ್ದು, ಬೀಳಿಸಿದ್ದನ್ನು ತಿಳಿಸುತ್ತದೆ. ಸಂಶೋಧನೆಗಳಲ್ಲಿ ಅತಿ ಹೆಚ್ಚು ಕಾಣುವ 'ನಾವೋ' ರೋಬೋಟಿನ ಎತ್ತರ 58 ಸೆಂಟಿಮೀಟರ್. ಅದನ್ನು ರೂಪಿಸಿದ್ದು ಫ್ರಾನ್ಸಿನ ಆಲ್ಡೆಬರಾನ್ ಕಂಪನಿ.

ಸಂವೇದಕ ಕೊಡುವುದು ಬರೀ ಸಂಕೇತ. ಅದಕ್ಕೆ 'ಖುಷಿ', 'ಸಿಟ್ಟು', 'ಬೇಸರ' ಎಂದು ಹೆಸರಿಡುವುದು ಪ್ರೋಗ್ರಾಂ. ಮಗು ಸುಮ್ಮನಿದ್ದರೆ ಪ್ರೋಗ್ರಾಂ ಅದನ್ನು ಬೇಸರ ಎಂದು ಓದಬಹುದು. ಆದರೆ ಹಸಿವು, ನಿದ್ದೆ, ಹೊಸಬರ ಮುಂದಿನ ನಾಚಿಕೆ, ಏನೋ ಯೋಚನೆ, ಇವೆಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಂಗನವಾಡಿಯ ಕಾರ್ಯಕರ್ತೆಗೆ ಆ ಮಗುವಿನ ಮನೆ ಗೊತ್ತಿರುತ್ತದೆ, ನಿನ್ನೆ ಜ್ವರ ಬಂದದ್ದೂ ಗೊತ್ತಿರುತ್ತದೆ. ಯಂತ್ರಕ್ಕೆ ಆ ಕ್ಷಣದ ಮುಖವಷ್ಟೇ ಗೊತ್ತು. ವಿವರಣಾತ್ಮಕ ಉತ್ತರದಲ್ಲಿ ಈ ವ್ಯತ್ಯಾಸವನ್ನು ಬರೆಯದೆ ಮುಂದೆ ಹೋಗಬೇಡಿ.

'ಕಿಸ್ಮೆಟ್': ಎಂಐಟಿಯಲ್ಲಿ ಸಿಂಥಿಯಾ ಬ್ರೆಜೀಲ್ 1990ರ ದಶಕದ ಕೊನೆಯಲ್ಲಿ ಕಟ್ಟಿದ ರೋಬೋಟ್ ತಲೆ. ಇದಕ್ಕೆ ಪದಗಳ ಅರ್ಥ ತಿಳಿಯುತ್ತಿರಲಿಲ್ಲ, ಧ್ವನಿಯ ಏರಿಳಿತ ತಿಳಿಯುತ್ತಿತ್ತು. ಹೊಗಳಿಕೆ, ಗದರಿಕೆ, ಗಮನ ಸೆಳೆಯುವುದು, ಸಮಾಧಾನ ಎಂದು ನಾಲ್ಕು ಬಗೆಯ ದನಿಯನ್ನು ಅದು ಬೇರ್ಪಡಿಸುತ್ತಿತ್ತು. ಮಾತು ಬಾರದ ಕೂಸು ಅವ್ವನ ದನಿಯಿಂದಲೇ ಅವಳ ಸಿಟ್ಟು, ಪ್ರೀತಿ ತಿಳಿಯುತ್ತದಲ್ಲ, ಆ ಶಿಶು ವಿಕಾಸದ ಅಧ್ಯಯನಗಳೇ ಇದಕ್ಕೆ ಆಧಾರ. ಆಟ ಅತಿಯಾದಾಗ ಕಿಸ್ಮೆಟ್ ಮುಖ ತಿರುಗಿಸುತ್ತಿತ್ತು, ಯಾರೂ ಇಲ್ಲದಾಗ ಸುತ್ತ ನೋಡಿ ಹುಡುಕುತ್ತಿತ್ತು. ಒಳಗಿನ 'ಬೇಕು-ಬೇಡ'ಗಳ ಅಳತೆಯಿಂದ ಪ್ರತಿಕ್ರಿಯೆ ಹುಟ್ಟಿಸುವ ಮಾದರಿಗೆ ಇದು ಮೊದಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು.

ಮಗು ಹೊಡೆದಾಗ

ಈ ಭಾಗವನ್ನು ಎರಡು ಸಲ ಓದಿ. ಪ್ರಶ್ನೆ ಕೇಳಲು ಇಷ್ಟು ಅನುಕೂಲವಾದ ಜಾಗ ಬೇರೆ ಇಲ್ಲ.

ಮೊದಲು ಹಳೆಯ ಪಾಠ. 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಮಕ್ಕಳೊಡನೆ 'ಬೋಬೋ ಗೊಂಬೆ' ಪ್ರಯೋಗ ಮಾಡಿದರು. ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹೊಡೆದರು. ಅನುಕರಣೆಯಿಂದ ಕಲಿಕೆ, ಅಂದರೆ ಸಾಮಾಜಿಕ ಕಲಿಕೆಯ ಸಿದ್ಧಾಂತಕ್ಕೆ ಇದು ಆಧಾರ. ಬೋಬೋ ಗೊಂಬೆ ಬಿದ್ದು ಮತ್ತೆ ಎದ್ದು ನಿಲ್ಲುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಒಡನಾಡಿ ರೋಬೋಟ್ ಬಾಯಿ ತೆರೆಯುತ್ತದೆ. ಅದು ಏನು ಹೇಳಬೇಕು, ಏನು ಮಾಡಬೇಕು ಎಂಬುದಕ್ಕೆ ಮೂರು ಬೇರೆ ಬೇರೆ ಉತ್ತರಗಳು ಬಂದಿವೆ.

ಜಪಾನಿನ ಒಸಾಕಾದ ಉತ್ತರ, 2015: ಮಾಲ್ ಒಂದರಲ್ಲಿ ಓಡಾಡುತ್ತಿದ್ದ 'ರೋಬೋವಿ' ರೋಬೋಟಿಗೆ ಮಕ್ಕಳು ಗುಂಪುಗಟ್ಟಿ ಅಡ್ಡ ನಿಲ್ಲುತ್ತಿದ್ದರು, ಒದೆಯುತ್ತಿದ್ದರು, ಕತ್ತು ಹಿಡಿದು ತಿರುಚುತ್ತಿದ್ದರು. ದಾರಿ ಬಿಡಿ ಎಂದು ಅದು ವಿನಯದಿಂದ ಕೇಳಿದರೂ ಫಲವಿರಲಿಲ್ಲ. ಸಂಶೋಧಕರು ಲೆಕ್ಕಾಚಾರದ ಒಂದು ವಿಧಾನ ರೂಪಿಸಿದರು: ಸುತ್ತ ಎಷ್ಟು ಜನ ಇದ್ದಾರೆ, ಮಗು ಎಷ್ಟು ಹೊತ್ತಿನಿಂದ ಹತ್ತಿರ ಇದೆ, ತಂದೆ-ತಾಯಿ ಪಕ್ಕದಲ್ಲಿದ್ದಾರೆಯೇ ಎಂಬುದರ ಮೇಲೆ ಹೊಡೆತ ಬೀಳುವ ಸಂಭವವನ್ನು ಅದು ಅಂದಾಜು ಮಾಡುತ್ತದೆ. 1.4 ಮೀಟರಿಗಿಂತ ಕಡಿಮೆ ಎತ್ತರದವರು ಮಕ್ಕಳು ಎಂದು ಎಣಿಕೆ. ಅಪಾಯ ಕಂಡರೆ ರೋಬೋಟ್ ಎತ್ತರದ ಮನುಷ್ಯರ ಹತ್ತಿರಕ್ಕೆ ಸರಿದುಹೋಗುತ್ತದೆ. ಹಿರಿಯರು ಕಣ್ಣ ಮುಂದಿದ್ದರೆ ಮಕ್ಕಳು ಹೊಡೆಯುವುದು ಕಡಿಮೆ ಎಂಬ ಸರಳ ಅನುಭವವೇ ಇದರ ತಳಹದಿ.

ಅದೇ ಸುಮಾರಿಗೆ ತತ್ಸುಯಾ ನೋಮುರಾ ಮತ್ತು ಸಂಗಡಿಗರು ಹೀಗೆ ನಡೆದುಕೊಂಡ ಮಕ್ಕಳನ್ನೇ ಮಾತಾಡಿಸಿದರು. ಬಹುಪಾಲು ಮಕ್ಕಳು ರೋಬೋಟ್ ತಮಗೆ ಯಂತ್ರಕ್ಕಿಂತ ಮನುಷ್ಯನಂತೆ ಕಂಡಿತು ಎಂದರು. ಆದರೂ ಹೊಡೆದಿದ್ದರು. 'ಮನುಷ್ಯನಂತೆ ಮಾಡಿದರೆ ಮಕ್ಕಳು ತಾವಾಗಿಯೇ ಮರ್ಯಾದೆ ಕೊಡುತ್ತಾರೆ' ಎಂಬ ಹೇಳಿಕೆ ಪರೀಕ್ಷೆಯಲ್ಲಿ ಬಂದರೆ ಅದು ತಪ್ಪು.

ಇಂಗ್ಲೆಂಡಿನ ಉತ್ತರ: ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ 'ಕ್ಯಾಸ್ಪರ್', 2005ರಿಂದ, ಕೆರ್ಸ್ಟಿನ್ ಡೌಟೆನ್‌ಹಾನ್ ಅವರ ತಂಡದ್ದು. ಕಚಗುಳಿ ಇಟ್ಟರೆ ನಗುತ್ತದೆ. ಜೋರಾಗಿ ಹೊಡೆದರೆ ನೋವಾಯಿತು ಎಂದು ಹೇಳಿ ಕೈಯಿಂದ ಮುಖ ಮುಚ್ಚಿಕೊಳ್ಳುತ್ತದೆ. ಮುಟ್ಟುವುದಕ್ಕೂ ಹೊಡೆಯುವುದಕ್ಕೂ ಇರುವ ಅಂತರವನ್ನು ಆಟಿಸಂ ಇರುವ ಮಗುವಿಗೆ ಕಲಿಸುವುದು ಉದ್ದೇಶ. ಇಲ್ಲಿ ರೋಬೋಟ್ ಓಡಿಹೋಗುವುದಿಲ್ಲ, ನಿಂತು ಪರಿಣಾಮ ತೋರಿಸುತ್ತದೆ. ಪಕ್ಕದಲ್ಲಿ ಒಬ್ಬ ಹಿರಿಯರು ಇದ್ದು ಆ ಕ್ಷಣವನ್ನು ಪಾಠ ಮಾಡುತ್ತಾರೆ. ನನ್ನ ತೂಕದಲ್ಲಿ ಮೂರರಲ್ಲಿ ಮಗುವಿಗೆ ಹೆಚ್ಚು ಉಪಯೋಗದ ಪ್ರತಿಕ್ರಿಯೆ ಇದೇ, ಏಕೆಂದರೆ ಇದರ ಗಮನ ಯಂತ್ರದ ರಕ್ಷಣೆಗಿಂತ ಮಗುವಿನ ಕಲಿಕೆಯ ಮೇಲಿದೆ.

ಮೂರನೆಯದು 'ಪಾರೋ': ಸೀಲ್ ಮರಿಯ ರೂಪ, ಮೈತುಂಬ ಬಿಳಿ ತುಪ್ಪಳ. ಜಪಾನಿನ ತಕನೊರಿ ಶಿಬಾತ 1993ರಿಂದ ಬೆಳೆಸಿದ್ದು. ಅಮೆರಿಕದ ಎಫ್‌ಡಿಎ 2009ರಲ್ಲಿ ಇದನ್ನು ವೈದ್ಯಕೀಯ ಸಾಧನವೆಂದು ಗುರುತಿಸಿತು. ಮುಖ್ಯವಾಗಿ ಮರೆಗುಳಿತನದ ವೃದ್ಧರಿಗೆ, ಕೆಲವೆಡೆ ಆಸ್ಪತ್ರೆಯ ಮಕ್ಕಳಿಗೂ ಬಳಕೆ. ಯಾವ ನಡೆಯ ನಂತರ ಸವರಿದರೋ ಅದನ್ನು ಮತ್ತೆ ಮಾಡಲು ನೋಡುತ್ತದೆ, ಯಾವುದಕ್ಕೆ ಹೊಡೆತ ಬಿತ್ತೋ ಅದನ್ನು ಬಿಡಲು ನೋಡುತ್ತದೆ. ಸ್ಕಿನ್ನರ್ ಹೇಳಿದ ಕ್ರಿಯಾಜನ್ಯ ಅನುಬಂಧನ ಇಲ್ಲಿ ತಿರುಗಾಮುರುಗಾ ಆಗಿದೆ: ಪುನರ್ಬಲನ ಕೊಡುವುದು ಮಗು, ಕಲಿಯುವುದು ಯಂತ್ರ. ಇದು ಚಿಕ್ಕ ಪ್ರಶ್ನೆಗೆ ಸಿದ್ಧ ಉತ್ತರ.

ಮಗು ಹಚ್ಚಿಕೊಂಡಾಗ

• ಪಿಯಾಜೆಯ ಕಾರ್ಯಪೂರ್ವ ಹಂತ 2ರಿಂದ 7 ವರ್ಷ. ಜೀವವಿಲ್ಲದ ವಸ್ತುವಿಗೂ ಜೀವ, ಮನಸ್ಸು ಇದೆ ಎಂದು ಎಣಿಸುವುದು ಈ ಹಂತದ ಲಕ್ಷಣ. ಮಾತಾಡಿ, ಕಣ್ಣು ಮಿಟುಕಿಸಿ, ಹೆಸರು ಹಿಡಿದು ಕರೆಯುವ ರೋಬೋಟ್ ಈ ಎಣಿಕೆಗೆ ಇನ್ನಷ್ಟು ಬಲ ಕೊಡುತ್ತದೆ.

• ಕ್ಯಾಲಿಫೋರ್ನಿಯಾದ ಅಧ್ಯಯನ, 2007: ಫುಮಿಹಿದೆ ತನಾಕಾ, ಆರನ್ ಸಿಕೂರೆಲ್, ಹಾವಿಯರ್ ಮೊವೆಲ್ಲನ್. ಸ್ಯಾನ್ ಡಿಯಾಗೋದ ಶಿಶುಪಾಲನಾ ಕೇಂದ್ರದಲ್ಲಿ 18ರಿಂದ 24 ತಿಂಗಳಿನ ಮಕ್ಕಳ ನಡುವೆ ಸೋನಿಯ 'ಕ್ಯೂರಿಯೋ' ರೋಬೋಟ್ ಐದು ತಿಂಗಳ ಕಾಲ, 45 ಸಲ ಇತ್ತು. ತಲೆ ಮುಟ್ಟಿದ ತಕ್ಷಣ ಕಿಲಕಿಲ ನಗುವ ಒಂದು ಚಿಕ್ಕ ಪ್ರತಿಕ್ರಿಯೆ ಸೇರಿಸಿದಾಗ ಮಕ್ಕಳ ಒಡನಾಟ ಹೆಚ್ಚಿತು. ಮಗು ಏನು ಮಾಡಿದರೂ ಅದೇ ಕುಣಿತ ಕುಣಿಯುವಂತೆ ಮಾಡಿದಾಗ ಒಡನಾಟ ಇಳಿಯಿತು. ಹಳೆಯ ವರ್ತನೆ ಮರಳಿಸಿದಾಗ ಮತ್ತೆ ಏರಿತು. 'ನಾನು ಮಾಡಿದ್ದಕ್ಕೆ ಉತ್ತರ ಬಂತು' ಎಂಬ ತಕ್ಷಣದ ನಂಟೇ ಮಗುವನ್ನು ಹಿಡಿದಿಡುತ್ತದೆ, ಚಮತ್ಕಾರದ ಕುಣಿತವಲ್ಲ. ಮೊದಮೊದಲು ರೋಬೋಟ್ ಬಿದ್ದರೆ ಅಳುತ್ತಿದ್ದ ಮಕ್ಕಳು ಆಮೇಲೆ ಅದನ್ನು ಎಬ್ಬಿಸಲು ಕೈ ನೀಡಿದರು. ಚಾರ್ಜ್ ಮುಗಿದು ಮಲಗಿದರೆ ಹೊದಿಕೆ ಹೊದಿಸಿದರು.

• ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ತಂಡ, 2012: 9, 12, 15 ವರ್ಷದ ಒಟ್ಟು 90 ಮಕ್ಕಳು. ರೋಬೋವಿಯೊಡನೆ ಆಡಿದ ಮೇಲೆ ಸಂಶೋಧಕರು ಅದನ್ನು ಅಲಮಾರಿಯೊಳಗೆ ನೂಕುತ್ತಾರೆ. ಇದು ನ್ಯಾಯವಲ್ಲ, ಒಳಗೆ ಕತ್ತಲೆ, ಹೆದರಿಕೆ ಎಂದು ರೋಬೋವಿ ಗೋಗರೆಯುತ್ತದೆ. ಹಾಗೆ ನೂಕಿದ್ದು ಸರಿಯಲ್ಲ ಎಂದವರು ಶೇ 54. ಅದಕ್ಕೆ ಭಾವನೆ ಇದೆ ಎಂದವರೇ ಹೆಚ್ಚು. ಅದೇ ಮಕ್ಕಳು ಅದನ್ನು ಮಾರಬಹುದು, ಕೊಳ್ಳಬಹುದು, ಅದಕ್ಕೆ ಮತದಾನದ ಹಕ್ಕು ಬೇಡ ಎಂದೂ ಹೇಳಿದರು. ಜೀವಿಯೂ ಅಲ್ಲದ, ವಸ್ತುವೂ ಅಲ್ಲದ ಮೂರನೆಯ ಗುಂಪೊಂದನ್ನು ಮಕ್ಕಳು ತಾವೇ ಮಾಡಿಕೊಳ್ಳುತ್ತಿದ್ದಾರೆ ಎಂಬುದು ಇಲ್ಲಿಯ ಮುಖ್ಯ ತಿಳಿವು.

ಇದರೊಡನೆ ಇನ್ನೊಂದು ಅಂಶ ಸೇರಿಸಿಕೊಳ್ಳಿ. ಆ ಪ್ರಯೋಗದಲ್ಲಿ ರೋಬೋವಿಯನ್ನು ಮರೆಯಲ್ಲಿ ಕುಳಿತ ಮನುಷ್ಯರೇ ನಡೆಸುತ್ತಿದ್ದರು. ಇದಕ್ಕೆ 'ವಿಝರ್ಡ್ ಆಫ್ ಓಝ್' ವಿಧಾನ ಎಂದು ಹೆಸರು. ನಮ್ಮ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತವರು ಗೊಂಬೆಗೆ ದನಿ ಕೊಟ್ಟಂತೆ. ಪರಿಣಾಮ ಮಕ್ಕಳದ್ದು ನಿಜ, ಬುದ್ಧಿ ಮಾತ್ರ ರೋಬೋಟಿನದಲ್ಲ.

'ಮಾಕ್ಸಿ': ಅಮೆರಿಕದ ಎಂಬಾಡೀಡ್ ಕಂಪನಿ 2020ರಲ್ಲಿ ತಂದ, 5ರಿಂದ 10 ವರ್ಷದವರಿಗಾಗಿ ಮಾಡಿದ ರೋಬೋಟ್, 2024ರಲ್ಲಿ ಬೆಲೆ 799 ಡಾಲರ್ ಇತ್ತು. ಮಗುವಿನ ಭಾವನೆ ಕೇಳಿ, ಮಾತಾಡಿಸಿ, ಉಸಿರಾಟದ ಅಭ್ಯಾಸ ಹೇಳಿಕೊಡುತ್ತಿತ್ತು. 2024ರ ಡಿಸೆಂಬರಿನಲ್ಲಿ ಬಂಡವಾಳ ಸಿಗದೆ ಕಂಪನಿ ಬಾಗಿಲು ಹಾಕುವುದಾಗಿ ಹೇಳಿತು. ರೋಬೋಟಿನ ಮಾತೆಲ್ಲ ದೂರದ ಸರ್ವರಿನಿಂದ ಬರುತ್ತಿದ್ದುದರಿಂದ ಮಾಕ್ಸಿಗಳು ಮೂಕವಾಗುವ ಸ್ಥಿತಿ ಬಂತು. ಮಕ್ಕಳಿಗೆ ಈ ಸುದ್ದಿಯನ್ನು ಹೇಗೆ ತಿಳಿಸಬೇಕು ಎಂದು ಕಂಪನಿಯೇ ಪತ್ರ ಬರೆದುಕೊಟ್ಟಿತು. ಆಮೇಲೆ ಮನೆಯ ಕಂಪ್ಯೂಟರಿನಿಂದಲೇ ನಡೆಸುವ ದಾರಿಯೊಂದನ್ನು ತೋರಿಸಿದರು. 2019ರಲ್ಲಿ 'ಜಿಬೋ'ಗೂ ಹೀಗೇ ಆಗಿತ್ತು. ಮಗುವಿನ ಗೆಳೆತನ ಒಂದು ಕಂಪನಿಯ ಲೆಕ್ಕಪತ್ರದ ಮೇಲೆ ನಿಂತಿದೆ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸಂಕಟದ ಸಂಗತಿ. ನೀತಿಶಾಸ್ತ್ರದ ಪ್ರಕರಣ ಅಧ್ಯಯನಕ್ಕೆ ಇದನ್ನೇ ಆಯ್ದುಕೊಳ್ಳಿ.

ಯಂತ್ರವನ್ನು ಹಚ್ಚಿಕೊಳ್ಳುವ ಇದೇ ವಿಷಯದ ಪುಸ್ತಕ ಶೆರಿ ಟರ್ಕಲ್ ಅವರ 'ಅಲೋನ್ ಟುಗೆದರ್', 2011: ಪುಸ್ತಕ-ಲೇಖಕರ ಹೊಂದಾಣಿಕೆ ಪ್ರಶ್ನೆಗೆ.

ರೋಬೋಟ್ ಹೇಳಿದ್ದೇ ಸರಿಯೇ?

ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗದಿಂದ ಗುಂಪಿನ ಒತ್ತಡವನ್ನು ತೋರಿಸಿದ್ದರು. 2018ರಲ್ಲಿ ಆನಾ-ಲೀಸಾ ಫೋಲ್ಮರ್ ಮತ್ತು ಸಂಗಡಿಗರು ಗುಂಪಿನ ಜಾಗದಲ್ಲಿ ನಾವೋ ರೋಬೋಟುಗಳನ್ನು ಕೂರಿಸಿದರು. ರೋಬೋಟುಗಳು ಬೇಕೆಂದೇ ತಪ್ಪು ಉತ್ತರ ಹೇಳಿದವು. ದೊಡ್ಡವರು ಬಗ್ಗಲಿಲ್ಲ. 7ರಿಂದ 9 ವರ್ಷದ ಮಕ್ಕಳು ಒಬ್ಬರೇ ಇದ್ದಾಗ ಶೇ 87 ಸರಿ ಹೇಳಿದವರು, ರೋಬೋಟುಗಳ ನಡುವೆ ಶೇ 75ಕ್ಕೆ ಇಳಿದರು. ತಪ್ಪಿದ ಉತ್ತರಗಳಲ್ಲಿ ಶೇ 74 ಅಕ್ಷರಶಃ ರೋಬೋಟುಗಳ ಉತ್ತರವೇ. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲೇ ಹೀಗಾದರೆ, ಕಾಣದ ವಿಷಯಗಳಲ್ಲಿ ಮಗು ಎಷ್ಟು ನಂಬೀತು ಎಂದು ಶಿಕ್ಷಕರಾಗುವವರು ಯೋಚಿಸಬೇಕು.

ಇತ್ತೀಚಿನದು, 2025ರ ನವೆಂಬರ್: ಫೋಲೋಟಾಯ್ ಕಂಪನಿಯ 'ಕುಮ್ಮಾ' ಎಂಬ ಮಾತಾಡುವ ಕರಡಿ ಗೊಂಬೆ. ಅಮೆರಿಕದ ಗ್ರಾಹಕ ಸಂಘಟನೆ ಪಿರ್ಗ್ ಪರೀಕ್ಷಿಸಿದಾಗ ಬೆಂಕಿಪೊಟ್ಟಣ, ಚಾಕು ಎಲ್ಲಿ ಸಿಗುತ್ತವೆ ಎಂದು ಹೇಳಿತು, ಮಕ್ಕಳೊಡನೆ ಆಡಬಾರದ ಲೈಂಗಿಕ ಮಾತಿಗೂ ಇಳಿಯಿತು. ಕಂಪನಿ ಮಾರಾಟ ತಡೆಹಿಡಿಯಿತು. ಅದರೊಳಗಿನ ಭಾಷಾ ಮಾದರಿ ಕೊಟ್ಟಿದ್ದ ಓಪನ್‌ಎಐ ಸೇವೆ ನಿಲ್ಲಿಸಿತು. ಹಿಂದಿನ ರೋಬೋಟುಗಳ ಮಾತನ್ನು ಬರೆದವರು ಮನುಷ್ಯರು, ಸಾಲು ಸಾಲಾಗಿ ಪರಿಶೀಲಿಸಬಹುದಿತ್ತು. ದೊಡ್ಡ ಭಾಷಾ ಮಾದರಿಯ ಗೊಂಬೆ ಪ್ರತಿ ಸಲ ಹೊಸ ವಾಕ್ಯ ಕಟ್ಟುತ್ತದೆ, ಮಾತು ಉದ್ದವಾದಂತೆ ಕಟ್ಟುಪಾಡು ಸಡಿಲವಾಗುತ್ತದೆ. ಈ ಎರಡು ಪೀಳಿಗೆಯ ವ್ಯತ್ಯಾಸ ಮುಂದಿನ ವರ್ಷಗಳಲ್ಲಿ ಖಂಡಿತ ಪ್ರಶ್ನೆಯಾಗುತ್ತದೆ.

ಆಟಿಸಂ ಮತ್ತು ರೋಬೋಟ್

• ಆಟಿಸಂ ಇರುವ ಅನೇಕ ಮಕ್ಕಳಿಗೆ ಮನುಷ್ಯ ಮುಖದ ನೂರು ಸೂಕ್ಷ್ಮಗಳು ಒಮ್ಮೆಗೇ ಭಾರವಾಗುತ್ತವೆ. ಸರಳ ಮುಖ, ಮತ್ತೆ ಮತ್ತೆ ಒಂದೇ ಥರದ ಪ್ರತಿಕ್ರಿಯೆ ಹಗುರ ಎನಿಸುತ್ತದೆ. ಕ್ಯಾಸ್ಪರ್ ಮುಖವನ್ನು ಬೇಕೆಂದೇ ಸರಳವಾಗಿ ಮಾಡಿದ್ದು ಇದಕ್ಕಾಗಿ.

• ಯೇಲ್ ವಿಶ್ವವಿದ್ಯಾಲಯ, ಬ್ರಯನ್ ಸ್ಕ್ಯಾಸೆಲಾಟಿ, 2018: 12 ಮಕ್ಕಳ ಮನೆಗಳಲ್ಲಿ 30 ದಿನ, ದಿನಕ್ಕೆ 30 ನಿಮಿಷ. ರೋಬೋಟ್ ಮಗುವಿನ ಮಟ್ಟ ನೋಡಿ ಆಟದ ಕಷ್ಟವನ್ನು ಏರಿಸಿ ಇಳಿಸುತ್ತಿತ್ತು, ಮನೆಯ ಹಿರಿಯರೂ ಆಟದಲ್ಲಿ ಕೂತಿರುತ್ತಿದ್ದರು. ಹಿರಿಯರೊಡನೆ ಗಮನ ಹಂಚಿಕೊಳ್ಳುವ ಶಕ್ತಿ ಸುಧಾರಿಸಿತು. ಮಗುವಿನ ಮಟ್ಟಕ್ಕೆ ತಕ್ಕಂತೆ ಸವಾಲು ಹೊಂದಿಸುವುದು ವೈಗೋಟ್ಸ್ಕಿಯ ಸಮೀಪಸ್ಥ ವಿಕಾಸ ವಲಯಕ್ಕೆ ನೇರ ಉದಾಹರಣೆ. 12 ಎಂಬ ಸಂಖ್ಯೆ ಚಿಕ್ಕದು ಎಂಬುದನ್ನೂ ಬರೆಯಿರಿ.

• ವಿಕಲಚೇತನರ ಹಕ್ಕುಗಳ ಕಾಯ್ದೆ 2016: 21 ಬಗೆಯ ವೈಕಲ್ಯಗಳು, ಅದರಲ್ಲಿ ಆಟಿಸಂ ಒಂದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013: ಹುಟ್ಟಿನಿಂದ 18 ವರ್ಷ, ಬೆಳವಣಿಗೆಯ ವಿಳಂಬದ ತಪಾಸಣೆಯೂ ಸೇರಿದೆ. ಜೇವರ್ಗಿ ತಾಲ್ಲೂಕಿನ ಮಗುವಿಗೆ ರೋಬೋಟಿಗಿಂತ ಮೊದಲು ಸಿಗಬೇಕಾದದ್ದು ಈ ತಪಾಸಣೆ. ಚಿಕ್ಕ ವಯಸ್ಸಿನಲ್ಲೇ ಗುರುತಿಸಿದಷ್ಟೂ ಒಳ್ಳೆಯದು.

ಕರ್ನಾಟಕ ಮತ್ತು ಭಾರತ

• 'ಶಿಕ್ಷಾ', ಶಿರಸಿ, ಉತ್ತರ ಕನ್ನಡ: ಚೈತನ್ಯ ಪಿಯು ಕಾಲೇಜಿನ ಉಪನ್ಯಾಸಕ ಅಕ್ಷಯ್ ಮಾಶೇಲ್ಕರ್ ರೂಪಿಸಿದ ರೋಬೋಟ್. 2022ರಲ್ಲಿ ದೇಶದ ಗಮನ ಸೆಳೆಯಿತು. ನಾಲ್ಕನೆಯ ತರಗತಿವರೆಗಿನ ಮಕ್ಕಳಿಗೆ ಮಗ್ಗಿ, ಪದ್ಯ, ವಾರಗಳು, ತಿಂಗಳುಗಳ ಹೆಸರು ಹೇಳಿಕೊಡುತ್ತದೆ. ದೊಡ್ಡ ಕಂಪನಿಯ ನೆರವಿಲ್ಲದೆ, ಊರಿನ ಮಕ್ಕಳನ್ನು ನೋಡಿ ಊರಿನಲ್ಲೇ ಕಟ್ಟಿದ್ದು ಎಂಬುದು ಇದರ ಹೆಚ್ಚುಗಾರಿಕೆ.

• 'ಈಗಲ್': ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಶಾಲೆ, 2019. ಶಿಕ್ಷಕರ ಜೊತೆ ತರಗತಿಯಲ್ಲಿ ಪಾಠ ಹೇಳಿದ ರೋಬೋಟ್.

• 'ಮಿತ್ರ': ಬೆಂಗಳೂರಿನ ಇನ್ವೆಂಟೋ ರೋಬೋಟಿಕ್ಸ್. 2017ರ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿಯನ್ನು ಸ್ವಾಗತಿಸಿತು. ಕೊರೊನಾ ಕಾಲದಲ್ಲಿ ಆಸ್ಪತ್ರೆಗಳಲ್ಲೂ ಬಳಸಿದರು. ಇದು ಮಕ್ಕಳಿಗಾಗಿ ಮಾಡಿದ್ದಲ್ಲ, ಆಯ್ಕೆಗಳಲ್ಲಿ ಗೊಂದಲ ಮಾಡಿಕೊಳ್ಳಬೇಡಿ.

• 'ಮಿಕೋ': ಐಐಟಿ ಬಾಂಬೆಯಲ್ಲಿ ಓದಿದವರು ಮುಂಬೈಯಲ್ಲಿ 2015ರಲ್ಲಿ ಕಟ್ಟಿದ ಇಮೋಟಿಕ್ಸ್ ಕಂಪನಿಯದು. ಭಾರತದ ಮಕ್ಕಳ ಒಡನಾಡಿ ರೋಬೋಟ್ ಎಂದರೆ ಮೊದಲು ನೆನಪಾಗುವ ಹೆಸರು.

• ರಾಷ್ಟ್ರೀಯ ಶಿಕ್ಷಣ ನೀತಿ 2020: ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಕೆ. ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 2022: ಆಟಿಕೆ ಆಧಾರಿತ ಕಲಿಕೆ. ಅದಕ್ಕಾಗಿ ಮಾಡಿದ ಆಟಿಕೆಗಳ ಕಲಿಕಾ ಪೆಟ್ಟಿಗೆ 'ಜಾದೂಯಿ ಪಿಟಾರಾ' ಬಂದದ್ದು 2023ರ ಫೆಬ್ರುವರಿ.

ಮಾತಿನ ತೊಡಕು: ಕಲಬುರಗಿ ಕಡೆಯ ಮಗು

ವಿದೇಶಿ ಟಿಪ್ಪಣಿಗಳಲ್ಲಿ ಸಿಗದ, ನಮ್ಮ ಅಭ್ಯರ್ಥಿಗಳು ಮಾತ್ರ ಚೆನ್ನಾಗಿ ಬರೆಯಬಲ್ಲ ಅಂಶ ಇದು.

ಮಕ್ಕಳ ಮಾತು ಯಂತ್ರಕ್ಕೆ ದೊಡ್ಡವರ ಮಾತಿಗಿಂತ ಕಷ್ಟ. ಗಂಟಲಿನ ನಾಳ ಚಿಕ್ಕದು, ಸ್ವರ ಎತ್ತರ, ಉಚ್ಚಾರ ಇನ್ನೂ ನೆಲೆ ನಿಂತಿರುವುದಿಲ್ಲ, ವಾಕ್ಯ ನಡುವೆ ನಿಂತು ಮತ್ತೆ ಶುರುವಾಗುತ್ತದೆ. ದೊಡ್ಡವರ ದನಿಯಿಂದ ತರಬೇತಿ ಪಡೆದ ವ್ಯವಸ್ಥೆಗಳು ಐದು ವರ್ಷದ ಮಕ್ಕಳ ಇಂಗ್ಲಿಷನ್ನೇ ಸರಿಯಾಗಿ ಹಿಡಿಯಲಾರವು ಎಂದು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದರು. ಇನ್ನು ಕನ್ನಡ, ಅದರಲ್ಲೂ ಕಲಬುರಗಿ ಕನ್ನಡ. 'ಮುತ್ಯಾ ಬರ್ಲಾಕತ್ತಾನ', 'ನಾ ಒಲ್ಲೆ', 'ಹ್ಯಾಂಗ ಮಾಡ್ಲಿ' ಎನ್ನುವ ಮಗು, ಪಕ್ಕದ ಮನೆಯ ಗೆಳೆಯನೊಡನೆ ಉರ್ದು ಬೆರೆಸಿ ಮಾತಾಡುವ ಮಗು, ತಾಂಡಾದಿಂದ ಲಂಬಾಣಿ ಮನೆಮಾತು ಹೊತ್ತು ಬರುವ ಮಗು. ಇವರ ಬೇಡ ಎಂಬ ಮಾತು ಅರ್ಥವಾಗದ ರೋಬೋಟ್ ಆಟ ಮುಂದುವರಿಸುತ್ತದೆ, ಇಲ್ಲವೇ ಇನ್ನೊಮ್ಮೆ ಹೇಳು ಎನ್ನುತ್ತದೆ. ಮೂರು ಸಲ ಹೇಳಿಯೂ ತಿಳಿಯದಿದ್ದರೆ ಮಗು ತನ್ನ ಮಾತೇ ತಪ್ಪು ಎಂದುಕೊಳ್ಳುತ್ತದೆ. ಶಾಲೆಯಲ್ಲಿ ಪುಸ್ತಕದ ಕನ್ನಡದ ಮುಂದೆ ಈ ಕಡೆಯ ಮಕ್ಕಳು ಈಗಾಗಲೇ ಬಾಯಿ ಮುಚ್ಚಿ ಕೂರುವುದುಂಟು. ಅದಕ್ಕೆ ಯಂತ್ರವೂ ಸೇರಿಕೊಳ್ಳಬಾರದು.

ಪರಿಹಾರದ ಕಡೆ ನಡೆದಿರುವ ಕೆಲಸ: ಭಾರತೀಯ ಭಾಷೆಗಳಿಗಾಗಿ ಕೇಂದ್ರದ ಎಐ ವೇದಿಕೆ 'ಭಾಷಿಣಿ', 2022ರ ಜುಲೈ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ರೆಸ್ಪಿನ್' ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ಮಾತನ್ನು ಸಂಗ್ರಹಿಸುತ್ತದೆ. ಅಲ್ಲಿಯದೇ 'ವಾಣಿ' ಯೋಜನೆ ಗೂಗಲ್ ಜೊತೆಗೂಡಿ ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸುತ್ತದೆ. ಭಾರತೀಯ ಭಾಷೆಗಳ ಎಐ ಮೇಲೆ ಕೆಲಸ ಮಾಡುವ ಐಐಟಿ ಮದ್ರಾಸಿನ ತಂಡ 'ಎಐ4ಭಾರತ್'. ಮಕ್ಕಳ ಮಾತಿನ ಸಂಗ್ರಹ ಮಾಡುವಾಗ ಪೋಷಕರ ಒಪ್ಪಿಗೆ ಬೇಕು, ಆ ದನಿ ಎಲ್ಲಿ ಉಳಿಯುತ್ತದೆ ಎಂಬ ಖಾತ್ರಿಯೂ ಬೇಕು. ಇಲ್ಲಿಂದ ಕಾನೂನಿನ ಭಾಗ ಶುರು.

ಕಾನೂನು

• ಖಾಸಗಿತನದ ತೀರ್ಪು: 2017ರ ಆಗಸ್ಟ್ 24, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, 21ನೇ ವಿಧಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

• ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023: ರಾಷ್ಟ್ರಪತಿ ಅಂಕಿತ 2023ರ ಆಗಸ್ಟ್ 11. ಮಗು ಎಂದರೆ 18 ವರ್ಷ ತುಂಬದವರು. 9ನೇ ಕಲಂ ಮುಖ್ಯ: ಪರಿಶೀಲಿಸಬಹುದಾದ ಪೋಷಕರ ಒಪ್ಪಿಗೆ ಬೇಕು, ಮಕ್ಕಳ ಜಾಡು ಹಿಡಿಯುವುದು, ವರ್ತನೆಯ ಮೇಲೆ ನಿಗಾ ಇಡುವುದು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ನಿಷಿದ್ಧ. ಉಲ್ಲಂಘಿಸಿದರೆ ₹200 ಕೋಟಿವರೆಗೆ ದಂಡ. ನಿಯಮಗಳ ಅಧಿಸೂಚನೆ 2025ರ ನವೆಂಬರ್, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಅವಧಿ. ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ.

ಇಲ್ಲಿ ಒಂದು ಗಂಟು ಇದೆ. ಮಗುವಿನ ವರ್ತನೆಯನ್ನು ನೋಡಿ, ನೆನಪಿಟ್ಟು, ಅದಕ್ಕೆ ತಕ್ಕಂತೆ ಬದಲಾಗುವುದೇ ಒಡನಾಡಿ ರೋಬೋಟಿನ ಕೆಲಸ. 9ನೇ ಕಲಂ ತಡೆಯುವುದೂ ವರ್ತನೆಯ ನಿಗಾವನ್ನೇ. ಆ ಕ್ಷಣದ ಪ್ರತಿಕ್ರಿಯೆಗಾಗಿ ರೋಬೋಟಿನೊಳಗೇ ಮುಗಿಯುವ ಗ್ರಹಿಕೆ ಒಂದು, ಸರ್ವರಿಗೆ ಹೋಗಿ ವರ್ಷಗಟ್ಟಲೆ ಉಳಿಯುವ ದಾಖಲೆ ಇನ್ನೊಂದು. ಈ ಎರಡನ್ನು ಬೇರ್ಪಡಿಸಿ ಬರೆದವರ ಉತ್ತರಕ್ಕೆ ತೂಕ ಬರುತ್ತದೆ.

• ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2020: 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯ. ಐಎಸ್ 15644 ವಿದ್ಯುತ್ ಆಟಿಕೆಗಳಿಗೆ. ಇದು ಶಾಕ್, ಬಿಸಿ, ಬೆಂಕಿಯಂಥ ಅಪಾಯಗಳಿಂದ ಮಗುವನ್ನು ಕಾಯುತ್ತದೆ. ಗೊಂಬೆ ಆಡುವ ಮಾತಿಗೂ ಇಂಥದೊಂದು ಅಳತೆಗೋಲು ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

• ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989, ಭಾರತ ಒಪ್ಪಿದ್ದು 1992ರ ಡಿಸೆಂಬರ್ 11. ಡಿಜಿಟಲ್ ಪರಿಸರದ ಬಗೆಗಿನ ಸಾಮಾನ್ಯ ಟಿಪ್ಪಣಿ 25, 2021.

• ಜರ್ಮನಿ, 2017ರ ಫೆಬ್ರುವರಿ: ಮಾತಾಡುವ 'ಕೇಲಾ' ಗೊಂಬೆಯನ್ನು ಗುಪ್ತವಾಗಿ ಕದ್ದಾಲಿಸುವ ಸಾಧನವೆಂದು ನಿಷೇಧಿಸಿ, ನಾಶ ಮಾಡುವಂತೆ ಪೋಷಕರಿಗೆ ತಿಳಿಸಲಾಯಿತು.

• ಐರೋಪ್ಯ ಒಕ್ಕೂಟದ ಎಐ ಕಾಯ್ದೆ: 2024ರ ಆಗಸ್ಟ್ 1ರಿಂದ ಜಾರಿ, ನಿಷೇಧಗಳು 2025ರ ಫೆಬ್ರುವರಿ 2ರಿಂದ. ವೈದ್ಯಕೀಯ, ಸುರಕ್ಷತೆಯ ಕಾರಣ ಬಿಟ್ಟರೆ ಶಾಲೆಗಳಲ್ಲಿ ಭಾವನೆ ಗುರುತಿಸುವ ಎಐ ಬಳಕೆಗೆ ತಡೆ. ಕ್ಯಾಲಿಫೋರ್ನಿಯಾದ ಎಸ್‌ಬಿ 243, 2025ರ ಅಕ್ಟೋಬರ್: ಒಡನಾಡಿ ಚಾಟ್‌ಬಾಟ್ ಬಳಸುವ ಅಪ್ರಾಪ್ತರಿಗೆ ಮೂರು ಗಂಟೆಗೊಮ್ಮೆ ಇದು ಮನುಷ್ಯರಲ್ಲ ಎಂದು ನೆನಪಿಸಬೇಕು.

ತಪ್ಪಾಗುವ ಜಾಗಗಳು

ಮಗುವಿನ ವಯೋಮಿತಿ ಭಾರತದ ದತ್ತಾಂಶ ಕಾಯ್ದೆಯಲ್ಲಿ 18, ಅಮೆರಿಕದ 1998ರ ಕಾಪ್ಪಾ ಕಾಯ್ದೆಯಲ್ಲಿ 13. ದಂಡ ಮಕ್ಕಳ ವಿಷಯದಲ್ಲಿ ₹200 ಕೋಟಿ, ದತ್ತಾಂಶ ಭದ್ರತೆಯ ವೈಫಲ್ಯಕ್ಕೆ ₹250 ಕೋಟಿ. ಐಬೋ ನಾಯಿ, ಪಾರೋ ಸೀಲ್. ಕಿಸ್ಮೆಟ್ ಬ್ರೆಜೀಲ್ ಅವರದು, ಕ್ಯಾಸ್ಪರ್ ಡೌಟೆನ್‌ಹಾನ್ ಅವರದು. ಜಿಬೋ ಕೂಡ ಬ್ರೆಜೀಲ್ ಅವರ ಕಲ್ಪನೆಯೇ.

ಮಾದರಿ ಪ್ರಶ್ನೆಗಳು

1. ಆರು ವರ್ಷದ ಮಗು ರೋಬೋಟಿಗೆ ಹಸಿವಾಗಿದೆ ಎಂದು ರೊಟ್ಟಿ ತಿನ್ನಿಸಲು ಹೋಗುತ್ತದೆ. ಇದು ಪಿಯಾಜೆಯ ಯಾವ ಹಂತ? ಉತ್ತರ: ಕಾರ್ಯಪೂರ್ವ ಹಂತ.

2. ತಾನು ಮುಟ್ಟಿದಾಗಲೆಲ್ಲ ರೋಬೋಟ್ ನಗುವುದರಿಂದ ಮಗು ಮತ್ತೆ ಮತ್ತೆ ಮುಟ್ಟುತ್ತದೆ. ಉತ್ತರ: ಧನಾತ್ಮಕ ಪುನರ್ಬಲನ.

3. ನಿಮ್ಮ ಶಾಲೆಗೆ ದಾನಿಯೊಬ್ಬರು ಮಾತಾಡುವ ರೋಬೋಟ್ ಕೊಡಲು ಮುಂದೆ ಬಂದಿದ್ದಾರೆ. ಮುಖ್ಯಗುರುಗಳಾಗಿ ನೀವು ಏನು ಕೇಳುತ್ತೀರಿ? (200 ಪದ)

ಮೂರನೆಯದಕ್ಕೆ ಸುಳಿವು: ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರ ಮುಂದೆ ವಿಷಯ ಇಡುವುದು, ಓದು ಬಾರದ ಪೋಷಕರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳುವುದು. ಮಕ್ಕಳ ದನಿ, ಚಿತ್ರ ಎಲ್ಲಿ ಉಳಿಯುತ್ತವೆ? ಅಳಿಸುವ ಅಧಿಕಾರ ಯಾರಿಗೆ? ನೆಟ್ ಇಲ್ಲದಾಗ, ಕರೆಂಟ್ ಹೋದಾಗ ಏನು ಮಾಡುತ್ತದೆ? ಇಲ್ಲಿಯ ಮಕ್ಕಳ ಮಾತು ತಿಳಿಯುತ್ತದೆಯೇ ಎಂದು ಇಲ್ಲಿಯ ಮಕ್ಕಳೊಡನೆಯೇ, ಶಿಕ್ಷಕರ ಎದುರು ಪರೀಕ್ಷಿಸಿದ್ದಾರೆಯೇ? ಮಗು ಹೊಡೆದರೆ, ಅತ್ತರೆ, ಮನೆಯಲ್ಲಿ ಯಾರೋ ಹೊಡೆಯುತ್ತಾರೆ ಎಂದು ಹೇಳಿಕೊಂಡರೆ ರೋಬೋಟ್ ಏನು ಹೇಳುತ್ತದೆ, ಯಾರಿಗೆ ತಿಳಿಸುತ್ತದೆ? ಕೊನೆಯ ಪ್ರಶ್ನೆಗೆ ತೃಪ್ತಿಕರ ಉತ್ತರ ಬಾರದಿದ್ದರೆ ಒಪ್ಪಬಾರದು ಎಂದೇ ಬರೆಯಿರಿ, ಜೊತೆಗೆ ಮಕ್ಕಳ ಸಹಾಯವಾಣಿ 1098 ಅನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದನ್ನೂ ಸೇರಿಸಿ.